ಎರಡು ಜನವರಿಗಳ ನಡುವಿನ ಬುಡಾಪೆಸ್ಟ್

ತಾಂಬರಂ, ಹೊರಡುವ ಹಿಂದಿನ ವಾರ

ವಿದೇಶಕ್ಕೆ ಹೋಗುವ ಸುದ್ದಿ ಹೇಳಲು ಚೆನ್ನೈ ಅಂಚಿನ ತಾಂಬರಂಗೆ ಹೋದಾಗ ವನಜ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ತಿರುಗಿಯೂ ನೋಡದೆ "ಯಾವ ಊರು?" ಎಂದಳು. "ಬುಡಾಪೆಸ್ಟ್. ಅದಕ್ಕೆ ಮುಂಚೆ ಎರಡು ದಿನ ವಿಯೆನ್ನಾ" ಎಂದೆ. ಸೌಟು ಹಿಡಿದ ಕೈ ಅಲ್ಲೇ ನಿಂತಿತು. ಸಾಸಿವೆ ಸೀದುಹೋಯಿತು.

"ವಿಯೆನ್ನಾವಾ? ಹಾಂಗಾರೆ ನನ್ನ ಅಪ್ಪಯ್ಯ ಸಿಕ್ಕಿದ್ರೆ ಒಂದು ಮಾತು ಕೇಳಕ್ಕ. ಮಗಳು ಕೇಳಿದ್ಲು ಅಂತ ಹೇಳ್ಬೇಡ, ಚುಮ್ಮಾ ನೀನೇ ಕೇಳಿದ ಹಾಗೆ ಕೇಳು. ಆ ಊರಿನ ಹೆಂಗಸಿಗೆ ಹುಳಿ ಮಾಡಿ ಬಡಿಸುವಾಗ ನಮ್ಮ ನೆನಪು ಬರ್ಲಿಲ್ವಾ ಅಂತ."

ವನಜ ನನ್ನ ಚಿಕ್ಕಪ್ಪನ ಮಗಳು. ನನಗಿಂತ ಎರಡು ವರ್ಷ ಚಿಕ್ಕವಳು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು. ಅವಳ ಅಪ್ಪ ಜನಾರ್ದನ ಹೊಳ್ಳರು, ನಮಗೆಲ್ಲ ಜನ್ನ ಚಿಕ್ಕಪ್ಪ, ಬಾರಕೂರಿನಿಂದ ಮದ್ರಾಸಿಗೆ ಬಂದು ತ್ರಿಪ್ಲಿಕೇನಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. ನನ್ನ ಅಪ್ಪ ಅದೇ ಹೋಟೆಲಿನಲ್ಲಿ ಮೇಲ್ವಿಚಾರಣೆಗೆ ಇದ್ದರು. ಅಲ್ಲಿಗೆ ಊಟಕ್ಕೆ ಬರುತ್ತಿದ್ದ ಒಬ್ಬ ಸಾಹೇಬರು ವಿದೇಶಾಂಗ ಸೇವೆಯವರು, ಮಾಂಸ ಮೊಟ್ಟೆ ಮುಟ್ಟದವರು. ಅವರಿಗೆ ವಿಯೆನ್ನಾಕ್ಕೆ ವರ್ಗವಾದಾಗ ಚಿಕ್ಕಪ್ಪನನ್ನೂ ಮನೆ ಅಡುಗೆಗೆ ಕರೆದುಕೊಂಡು ಹೋದರು. ಆಗ ವನಜನಿಗೆ ನಾಲ್ಕು ವರ್ಷ. ಎರಡು ವರ್ಷ ಕಾಗದ ಬಂತು, ಆಮೇಲೆ ನಿಂತಿತು. ಅಲ್ಲಿಂದ ಬಂದ ಪರಿಚಯದವರೊಬ್ಬರು, ಸಾಹೇಬರ ಮನೆಯಲ್ಲಿ ಈಗ ಬೇರೆ ಅಡುಗೆಯವನಿದ್ದಾನೆ, ಹಿಂದಿನವನ ವಿಷಯ ಅವನಿಗೆ ಏನೂ ಗೊತ್ತಿಲ್ಲ ಎಂದರು. ಅಷ್ಟೇ ಸುದ್ದಿ.

ಗಿರಿಜ ಚಿಕ್ಕಮ್ಮ ಇಪ್ಪತ್ತು ವರ್ಷ ಕಾದಳು. ಅಷ್ಟರಲ್ಲಿ ನಾನು ಓದಿ, ಅಡ್ಯಾರಿನ ಒಂದು ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ಒಂದು ಕಪಾಟಿನ ತುಂಬ ವಿದೇಶಾಂಗ ಸೇವೆಯವರ ವಾರ್ಷಿಕ ಪಟ್ಟಿಗಳಿದ್ದವು. ಯಾವ ಅಧಿಕಾರಿ ಯಾವ ದೇಶದಲ್ಲಿ, ಯಾವ ಹುದ್ದೆಯಲ್ಲಿ, ಎಲ್ಲ ಜನವರಿ ಒಂದನೇ ತಾರೀಖಿಗೆ ಇದ್ದ ಹಾಗೆ. ಒಂದು ದಿನ ಚಿಕ್ಕಮ್ಮ ಗ್ರಂಥಾಲಯಕ್ಕೇ ಬಂದಳು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದು, "ಆ ಸಾಹೇಬ್ರು ಆ ವರ್ಷ ಎಲ್ಲಿದ್ರು ನೋಡು ಮಗಾ. ಅವರು ಊರು ಬದಲಾಯಿಸಿದ್ರೆ ಇವರ ಕಾಗದ ತಪ್ಪಿರ್ಬಹುದು" ಎಂದಳು.

ನೋಡಿದೆ. ಆ ಜನವರಿ ವಿಯೆನ್ನಾ. ಮುಂದಿನ ಜನವರಿಯೂ ವಿಯೆನ್ನಾ. ನಮ್ಮ ಕೆಲಸದಲ್ಲಿ ಒಂದು ರೂಢಿಯಿತ್ತು. ಎರಡು ಜನವರಿಯಲ್ಲಿ ಒಂದೇ ಊರಿದ್ದರೆ ನಡುವಿನ ವರ್ಷಕ್ಕೆ ಗೆರೆ ಎಳೆದುಬಿಡುವುದು. ಮನುಷ್ಯ ಅಲ್ಲೇ ಇದ್ದ ಎಂದು ಅರ್ಥ. ನಾನು ಗೆರೆ ಎಳೆದೆ. "ಸಾಹೇಬರು ಅಲ್ಲಾಡಲೇ ಇಲ್ಲ ಚಿಕ್ಕಮ್ಮ, ವಿಯೆನ್ನಾದಲ್ಲೇ ಇದ್ದರು. ಬಿಟ್ಟುಹೋದದ್ದು ಚಿಕ್ಕಪ್ಪನೇ" ಎಂದೆ. ಇಪ್ಪತ್ತೆಂಟು ವರ್ಷದ ಹುಡುಗಿಗೆ ಎಷ್ಟು ಧೈರ್ಯ ನೋಡಿ. ಚಿಕ್ಕಮ್ಮ ಚಪ್ಪಲಿ ಮೆಟ್ಟಿ ಹೊರಟಳು. ಮನೆಗೆ ಹೋಗಿ ಚಿಕ್ಕಪ್ಪನ ಫೋಟೋ, ಕಾಗದ ಎಲ್ಲವನ್ನೂ ನೀರೊಲೆಗೆ ಹಾಕಿದಳು. ಹಣೆಯ ಕುಂಕುಮ ಮಾತ್ರ ತೆಗೆಯಲಿಲ್ಲ. "ಅವರು ಎಲ್ಲೋ ಸುಖವಾಗಿ ಇದ್ದಾರಲ್ಲ, ಇಟ್ಕೊಳ್ಳದೆ ಎಂತ ಮಾಡ್ಲಿ?" ಎನ್ನುತ್ತಿದ್ದಳು. ಹದಿನೈದು ವರ್ಷದ ಕೆಳಗೆ ಹಾಗೆಯೇ ಹೋದಳು.

ಈಗ ನಾನು ನಿವೃತ್ತಳು. ಬೇರೆ ಬೇರೆ ದೇಶಗಳ ರಾಯಭಾರ ಕಚೇರಿಗಳಲ್ಲಿ ಹಿಂದೆ ಯಾರು, ಎಲ್ಲಿ, ಯಾವಾಗ ಇದ್ದರು ಎಂದು ದೊಡ್ಡ ಕೋಷ್ಟಕ ಮಾಡುವ ವಿದೇಶೀ ತಂಡವೊಂದಕ್ಕೆ ಮನೆಯಿಂದಲೇ ಭಾರತದ ಭಾಗ ಮಾಡಿಕೊಡುತ್ತೇನೆ. ಅವರೇ ಸಭೆಗೆ ಕರೆದದ್ದು. ವಿಯೆನ್ನಾ ನಾನು ಸೇರಿಸಿಕೊಂಡದ್ದು. ಅಪ್ಪನ ಹಳೇ ಡೈರಿಯಲ್ಲಿ ಚಿಕ್ಕಪ್ಪನ ಅಲ್ಲಿಯ ವಿಳಾಸವಿತ್ತು.

ವಿಯೆನ್ನಾ

ಇಡೀ ಊರನ್ನು ಹೋಳು ಮಾಡಿ ಒಂದರಿಂದ ಇಪ್ಪತ್ತಮೂರರವರೆಗೆ ನಂಬರು ಕೊಟ್ಟಿದ್ದಾರೆ. ಅಡ್ಯಾರು, ಮೈಲಾಪುರ ಎಂದು ಹೇಳುವ ನಮಗೆ ಇದು ಆಸ್ಪತ್ರೆಯ ವಾರ್ಡಿನ ಹಾಗೆ ಕಾಣುತ್ತದೆ. ಒಂದೂ ಗಾಡಿಯಿಲ್ಲದ ರಸ್ತೆಯಲ್ಲಿ ಕೆಂಪು ದೀಪ ನೋಡುತ್ತಾ ಹತ್ತು ಜನ ನಿಂತಿರುತ್ತಾರೆ. ನಾನು ಮದ್ರಾಸಿನವಳು, ದಾಟಿಬಿಟ್ಟೆ. ಆಚೆ ಬದಿಯಲ್ಲಿ ಮಗುವಿನ ಕೈ ಹಿಡಿದು ನಿಂತಿದ್ದ ತಾಯಿಯೊಬ್ಬಳು ನನ್ನನ್ನು ತೋರಿಸಿ ಮಗುವಿಗೆ ಏನೋ ಪಾಠ ಹೇಳಿದಳು. ಪಾಠ ನಾನೇ ಎಂದು ತಿಳಿಯಲು ಜರ್ಮನ್ ಬೇಕಾಗಿರಲಿಲ್ಲ.

ಕಾಫಿಗೆ ಹೋದರೆ ಪುಟ್ಟ ಲೋಹದ ತಟ್ಟೆಯಲ್ಲಿ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಬಾಯಿ ಮೇಲೆ ಬೋರಲು ಹಾಕಿದ ಚಮಚ. ಒಂದು ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಕೇಳುವುದಿಲ್ಲ. ತ್ರಿಪ್ಲಿಕೇನ್ ಮೆಸ್ಸಿನಲ್ಲಿ ನಾವು ಮಜ್ಜಿಗೆಯನ್ನಕ್ಕೆ ಬರುವ ಮುಂಚೆಯೇ ಮುಂದಿನವರು ನಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ನನಗೆ ಬೆನ್ನ ಹಿಂದೆ ಯಾರೂ ಇಲ್ಲದೆ ಕುಡಿಯಲು ಬರಲೇ ಇಲ್ಲ, ಐದು ನಿಮಿಷದಲ್ಲಿ ಎದ್ದುಬಂದೆ.

ದೊಡ್ಡ ಫಜೀತಿ ಆದದ್ದು ಭಾನುವಾರ. ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಒಲೆಯಿತ್ತು, ನನ್ನ ಬಳಿ ಪುಟ್ಟ ಕುಕ್ಕರ್ ಇತ್ತು. ಅನ್ನಕ್ಕಿಟ್ಟೆ. ಮೊದಲನೇ ಸೀಟಿಗೆ ಮೇಲಿನ ಮನೆಯಲ್ಲಿ ಕುರ್ಚಿ ಸರಿದ ಸದ್ದು. ಎರಡನೆಯದಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ. ಮೂರನೆಯದಕ್ಕೆ ಬಾಗಿಲು ಬಡಿದರು. ತೆಗೆದರೆ ಕೋಟು ಹಾಕಿಕೊಂಡ ಒಬ್ಬ ಮುದುಕ, ಅವನ ಹಿಂದೆ ಇಬ್ಬರು ಹೆಂಗಸರು. ಬೆಂಕಿಯ ಸೈರನ್ ಅಂದುಕೊಂಡಿದ್ದರಂತೆ. ಭಾನುವಾರ ಅಲ್ಲಿ ಗೋಡೆಗೆ ಮೊಳೆ ಹೊಡೆಯುವ ಹಾಗೂ ಇಲ್ಲ, ಅಷ್ಟು ಮೌನ. ಕುಕ್ಕರನ್ನು ತೋರಿಸಿ ಕೈ ಮುಗಿದೆ. ಮುದುಕ ಅದನ್ನು ಬಾಂಬು ನೋಡಿದ ಹಾಗೆ ದೂರದಿಂದಲೇ ನೋಡಿ, ತಲೆಯಾಡಿಸಿ, ಶುಭದಿನ ಹೇಳಿ ಹೋದ.

ಡೈರಿಯಲ್ಲಿದ್ದ ವಿಳಾಸ ಹದಿನೆಂಟನೇ ನಂಬರಿನ ಭಾಗದಲ್ಲಿತ್ತು. ಹಳೇ ಕಾಲದ ನಾಲ್ಕಂತಸ್ತಿನ ಮನೆ, ಬಾಗಿಲಲ್ಲಿ ಹೆಸರಿನ ಗುಂಡಿಗಳ ಸಾಲು. ನಾನು ಹೋದದ್ದು ಜಗಳಕ್ಕೇ. ಚಿಕ್ಕಪ್ಪ ಇದ್ದರೆ ತೊಂಬತ್ತು ದಾಟಿರಬೇಕು, ಸಿಗುವುದಿಲ್ಲ ಎಂದು ಗೊತ್ತು. ಆದರೂ ಅವರಿಗೆ ಅಲ್ಲೊಂದು ಸಂಸಾರವಿದ್ದು, ಒಬ್ಬ ಮಗನೋ ಮೊಮ್ಮಗಳೋ ಸಿಕ್ಕರೆ ಚಿಕ್ಕಮ್ಮನ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ಇಂಗ್ಲಿಷಿನಲ್ಲಿ ವಾಕ್ಯಗಳನ್ನು ವಿಮಾನದಲ್ಲೇ ಜೋಡಿಸಿಕೊಂಡಿದ್ದೆ. ಗುಂಡಿಗಳ ಮೇಲೆ ನಮ್ಮ ಕಡೆಯ ಹೆಸರು ಒಂದೂ ಇರಲಿಲ್ಲ. ಒಳಗಿಂದ ಬಂದ ಹೆಂಗಸೊಬ್ಬಳು ನನಗೂ ನಮಸ್ಕಾರ ಹೇಳಿ, ನಾನು ಒಳಗೆ ಹೋಗಲೆಂದು ಬಾಗಿಲು ಹಿಡಿದು ನಿಂತಳು. ಬೇಡವೆಂದು ಕೈಯಾಡಿಸಿದೆ. ಎದುರಿನ ಬದಿಯಿಂದ ಆ ಮನೆಯನ್ನು ಸ್ವಲ್ಪ ಹೊತ್ತು ನೋಡಿ, "ಪಾಪಿ ಮನುಷ್ಯ" ಎಂದು ಗಟ್ಟಿಯಾಗಿಯೇ ಹೇಳಿ ಬಂದೆ. ಆ ಮಾತನ್ನು ಈಗ ನೆನೆದರೆ ನಾಲಿಗೆ ಕಿತ್ತುಕೊಳ್ಳಬೇಕೆನಿಸುತ್ತದೆ.

ರೈಲಿನಲ್ಲಿ

ವಿಯೆನ್ನಾದಿಂದ ಬುಡಾಪೆಸ್ಟಿಗೆ ಮೂರು ಗಂಟೆಯೂ ಆಗುವುದಿಲ್ಲ. ಚೆನ್ನೈನಿಂದ ಕಾಟ್ಪಾಡಿ ದಾಟಿ ಸ್ವಲ್ಪ ಮುಂದೆ ಹೋದಂತೆ, ಅಷ್ಟರಲ್ಲಿ ದೇಶವೇ ಬದಲು. ಎದುರಿಗೆ ಕೂತಿದ್ದ ಅಜ್ಜಿ ಡಬ್ಬಿ ತೆಗೆದು ಪುಟ್ಟ ಪುಟ್ಟ ಖಾರದ ಬನ್ನುಗಳನ್ನು ನನ್ನ ಮುಂದೆ ಚಾಚಿದಳು. ಒಂದನ್ನು ಎತ್ತಿಕೊಂಡೆ. ಬಾಯಿಗೆ ಹೋಗುವಷ್ಟರಲ್ಲಿ ನನ್ನ ಹಣೆಯ ಕುಂಕುಮ ನೋಡಿದಳೋ ಏನೋ, ತಟ್ಟನೆ ನನ್ನ ಮಣಿಕಟ್ಟು ಹಿಡಿದು, ಮೂಗನ್ನು ಬೆರಳಿನಿಂದ ಮೇಲೆತ್ತಿ, ಇಡೀ ಬೋಗಿಗೆ ಕೇಳುವಂತೆ ಹಂದಿಯ ಹಾಗೆ ಗುರುಗುಟ್ಟಿದಳು. ಬನ್ನಿನೊಳಗೆ ಹಂದಿಯ ಕೊಬ್ಬಂತೆ. ಆಚೀಚೆಯವರೆಲ್ಲ ನಕ್ಕರು, ಅಜ್ಜಿಯೂ ನಕ್ಕಳು. ಆಮೇಲೆ ಚೀಲವೆಲ್ಲ ಹುಡುಕಿ ನನಗೊಂದು ಸೇಬು ಕೊಟ್ಟಳು. ಇಳಿಯುವಾಗ ನಮ್ಮ ಸಾಲಿನವರಿಗೆಲ್ಲ ಒಬ್ಬೊಬ್ಬರಾಗಿ ಹೋಗಿಬರುತ್ತೇನೆ ಎಂದು ಹೇಳಿಯೇ ಇಳಿದಳು. ತಾಂಬರಂ ಎಲೆಕ್ಟ್ರಿಕ್ ಟ್ರೈನಿನಲ್ಲಿ ಹಾಗೆ ಹೇಳುತ್ತಾ ನಿಂತರೆ ಗಿಂಡಿಯಲ್ಲಿ ಇಳಿಯಬೇಕಾದವರು ಬೀಚ್ ಸ್ಟೇಷನ್ನಿನಲ್ಲಿ ಇಳಿಯಬೇಕಾದೀತು.

ಬುಡಾಪೆಸ್ಟ್, ಮೊದಲ ದಿನ

ನಮ್ಮನ್ನು ಕರೆದಿದ್ದ ತಂಡದ ಅಲ್ಲಿಯ ಹೊಣೆ ಇಲೋನಾ ಎಂಬ ಹೆಂಗಸಿನದು. ನಲವತ್ತರ ಆಸುಪಾಸು, ಮಾತು ಕಡಿಮೆ, ನಡೆದರೆ ಓಡಿದ ಹಾಗೆ. ಅವರಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ನಮ್ಮಲ್ಲೂ ಊರ ಹೆಸರು ಮುಂದಿರುತ್ತದೆ ಎಂದೆ. "ಹಾಗಾದರೆ ಭಾರತದವರ ಹೆಸರನ್ನು ನಾವು ಎಷ್ಟು ಕಡೆ ತಪ್ಪಾಗಿ ಜೋಡಿಸಿಟ್ಟಿದ್ದೇವೋ" ಎಂದು ಅವಳಿಗೆ ಗಾಬರಿಯಾಯಿತು.

ಮಧ್ಯಾಹ್ನದ ಊಟಕ್ಕೆ ಮೊದಲು ತಣ್ಣಗಿನ ಚೆರ್ರಿ ಹಣ್ಣಿನ ಸಾರು ತಂದಿಟ್ಟರು. ಹುಳಿ, ಸಿಹಿ, ಮೇಲೆ ಕೆನೆ. ಪಾಯಸವನ್ನು ಮೊದಲು ಬಡಿಸಿದ್ದಾರೆಂದು ಕೊನೆಗೆ ತಿನ್ನಲು ಬದಿಗಿಟ್ಟೆ. ಇಡೀ ಮೇಜು ನಾನು ಮುಗಿಸಲೆಂದು ಕಾಯುತ್ತಿತ್ತು. ಆ ಸಾರು ಮುಗಿಯದೆ ಮುಂದಿನದು ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಊಟದ ಮೇಲೆ ನನ್ನ ಸರದಿ. ವಾರ್ಷಿಕ ಪಟ್ಟಿಯಿಂದ ಕೋಷ್ಟಕ ಮಾಡುವ ಬಗೆ ತೋರಿಸಬೇಕಿತ್ತು. ಮಾದರಿಗೆ ಒಂದು ಸಾಲು ಬೇಕಲ್ಲ, ನನಗೆ ಬಾಯಿಪಾಠವಾಗಿದ್ದ ಸಾಲು ಒಂದೇ, ಚಿಕ್ಕಪ್ಪನ ಸಾಹೇಬರದು. ಅದನ್ನೇ ತೆರೆಯ ಮೇಲೆ ಹಾಕಿದೆ. ಈ ಜನವರಿ ವಿಯೆನ್ನಾ, ಆ ಜನವರಿ ವಿಯೆನ್ನಾ, ನಡುವೆ ಗೆರೆ. "ಈ ರೂಢಿಯಿಂದ ನಮ್ಮ ಕೋಷ್ಟಕದಲ್ಲಿ ಖಾಲಿ ಮನೆಗಳೇ ಉಳಿಯುವುದಿಲ್ಲ" ಎಂದು ಹೆಮ್ಮೆಯಿಂದ ಹೇಳಿದೆ.

ಇಲೋನಾ ಕೈಯೆತ್ತಿದಳು. "ಕ್ಷಮಿಸಿ, ಆ ಬೇಸಿಗೆಯಲ್ಲಿ ಅವರು ಇಲ್ಲಿದ್ದರು" ಎಂದಳು.

"ಎಲ್ಲಿ?"

"ಇಲ್ಲೇ, ಬುಡಾಪೆಸ್ಟಿನಲ್ಲಿ. ನಿಮ್ಮ ಪಟ್ಟಿ ಅಧಿಕಾರಿಗಳನ್ನು ಕಳಿಸಿದ ದೇಶದ್ದು, ವರ್ಷಕ್ಕೊಂದು. ನಮ್ಮದು ಬರಮಾಡಿಕೊಂಡ ದೇಶದ್ದು, ವರ್ಷದಲ್ಲಿ ಎರಡು ಮೂರು ಸಲ ಬರುತ್ತಿತ್ತು. ನಿಮ್ಮ ಹೆಸರುಗಳನ್ನು ಹೋಲಿಸಿ ನೋಡುವಾಗ ಇವರು ಕಣ್ಣಿಗೆ ಬಿದ್ದರು." ತನ್ನ ಲ್ಯಾಪ್‌ಟಾಪನ್ನು ತಿರುಗಿಸಿ ತೋರಿಸಿದಳು. ಹಳದಿ ಬಣ್ಣದ ಪುಟ, ಮಧ್ಯದಲ್ಲಿ ಸಾಹೇಬರ ಹೆಸರು. ಫೆಬ್ರವರಿಯಲ್ಲಿ ತಾತ್ಕಾಲಿಕವಾಗಿ ಬಂದಿದ್ದಾರೆ, ಡಿಸೆಂಬರಿನಲ್ಲಿ ವಿಯೆನ್ನಾಕ್ಕೆ ಮರಳಿದ್ದಾರೆ. ಒಂದು ಜನವರಿ ಆದಮೇಲೆ ಬಂದು ಇನ್ನೊಂದು ಜನವರಿಗೆ ಮುಂಚೆ ಹೋದರೆ ನನ್ನ ಪಟ್ಟಿಗೆ ಅವರು ಬಂದದ್ದೇ ಗೊತ್ತಿಲ್ಲ.

ಕೋಣೆಯಲ್ಲಿದ್ದವರಿಗೆಲ್ಲ ಖುಷಿಯೋ ಖುಷಿ. ಇಂಥ ಒಳ್ಳೆಯ ಉದಾಹರಣೆ ಸಿಕ್ಕಿತಲ್ಲ, ನಾಳೆಯ ವರದಿಗೆ ಇದನ್ನೇ ಹಾಕೋಣ ಎಂದ ಒಬ್ಬ. ಮತ್ತೊಬ್ಬ ಮೇಜು ತಟ್ಟಿದ. ನಾನು ತೆರೆಯ ಪಕ್ಕ ನಿಂತಿದ್ದೆ. ಚಿಕ್ಕಪ್ಪನ ಕಾಗದ ನಿಂತದ್ದೂ ಅದೇ ಹತ್ತು ತಿಂಗಳಲ್ಲಿ. ಹುಷಾರಿಲ್ಲವೆಂದು ಹೇಳಿ ಕೂತುಬಿಟ್ಟೆ.

ಎರಡನೆಯ ದಿನ

ಬೆಳಿಗ್ಗೆ ಇಲೋನಾಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. "ಅಡುಗೆಯವರು, ಡ್ರೈವರುಗಳು ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಅವರಿಗೂ ಇಲ್ಲಿ ಗುರುತಿನ ಚೀಟಿ ಮಾಡಬೇಕಿತ್ತು. ಆ ಕಾರ್ಡುಗಳು ಪೆಟ್ಟಿಗೆಯಲ್ಲಿವೆ. ಬನ್ನಿ" ಎಂದು ದಾಖಲೆ ಕಚೇರಿಗೆ ಓಡಿಸಿಕೊಂಡು ಹೋದಳು.

ಜನಾರ್ದನ ಹುಡುಕಿದೆವು, ಸಿಗಲಿಲ್ಲ. ಹೊಳ್ಳ ಹುಡುಕಿದೆವು, ಅದೂ ಇಲ್ಲ. ನನಗೆ ಒಳಗೊಳಗೇ ನೆಮ್ಮದಿಯಾಯಿತು, ಸುಳ್ಳೇಕೆ ಹೇಳಲಿ. ಚಿಕ್ಕಪ್ಪ ಇಲ್ಲಿಗೆ ಬರಲೇ ಇಲ್ಲ, ವಿಯೆನ್ನಾದಲ್ಲೇ ಕೈ ಕೊಟ್ಟರು, ನಾನು ಹೇಳಿದ್ದು ಸರಿಯೇ ಎಂದು ಹಿಗ್ಗಿದೆ. ಆಗ ಇಲೋನಾ ನಿನ್ನೆಯ ಮಾತು ನೆನಪಾಗಿ, "ನಿಮ್ಮಲ್ಲಿ ಊರು ಮೊದಲಲ್ಲವೇ? ಊರು ಯಾವುದು?" ಎಂದಳು. ಬಾರಕೂರು ಎಂದೆ. ಅದೇ ಪೆಟ್ಟಿಗೆಗಳ ಇನ್ನೊಂದು ತುದಿಯಿಂದ ಅವಳು ಕಾರ್ಡು ಎತ್ತಿ ತಂದಳು. ಆ ಕಾಲದ ಗುಮಾಸ್ತ ಬಾರಕೂರನ್ನೇ ಮನೆತನ ಎಂದುಕೊಂಡಿದ್ದ.

ಚಿಕ್ಕಪ್ಪನ ಫೋಟೋ ನಾನು ನೋಡಿ ನಲವತ್ತು ವರ್ಷದ ಹತ್ತಿರವಾಗಿತ್ತು. ಬಿಗಿದ ಕಾಲರಿನ ಕೋಟು, ಯಾರದೋ ಎರವಲು ಇರಬೇಕು, ಹೆಗಲು ಅಗಲವಾಗಿತ್ತು. ಕೂದಲಿಗೆ ಎಣ್ಣೆ ಹಚ್ಚಿ ಒತ್ತಿ ಬಾಚಿದ್ದರು. ಕ್ಯಾಮೆರಾದವನು ನಗಬೇಡ ಎಂದು ಹೇಳಿದ್ದಕ್ಕೇ ನಗು ತಡೆದ ಮುಖ. ಕೆಳಗೆ ಟೈಪು ಮಾಡಿದ ಸಾಲುಗಳನ್ನು ಇಲೋನಾ ಓದಿ ಹೇಳಿದಳು. ಕೆಲಸ ಅಡುಗೆ. ಹೆಂಡತಿ ಗಿರಿಜ. ವಿಳಾಸ ಮದ್ರಾಸು, ತ್ರಿಪ್ಲಿಕೇನ್, ಓಣಿಯ ಹೆಸರು ಸಮೇತ. ಆಮೇಲೆ ಬೇರೆ ಶಾಯಿಯಲ್ಲಿ ಬರೆದದ್ದು. ಸೆಪ್ಟೆಂಬರಿನಲ್ಲಿ ಅಪೆಂಡಿಕ್ಸ್ ಒಡೆದು ಆಸ್ಪತ್ರೆಯಲ್ಲಿ ಸಾವು. ಸಮಾಧಿಯ ಜಾಗದ ನಂಬರು. ಹೆಂಡತಿಗೆ ಕಾಗದ ಕಳಿಸಲಾಯಿತು, ವಿಳಾಸದಲ್ಲಿ ಯಾರೂ ಇಲ್ಲವೆಂದು ವಾಪಸು ಬಂದಿದೆ.

ಆ ವರ್ಷವೇ ಅಪ್ಪನಿಗೆ ಕೊಯಮತ್ತೂರಿನ ಹೋಟೆಲಿನಲ್ಲಿ ಕೆಲಸ ಸಿಕ್ಕಿ ನಾವೆಲ್ಲ ಹೋಗಿದ್ದೆವು. ಚಿಕ್ಕಮ್ಮ ಮಗಳನ್ನು ಕಟ್ಟಿಕೊಂಡು ತಾಂಬರಂನ ತಮ್ಮನ ಮನೆ ಸೇರಿದ್ದಳು. ಹೊಸ ವಿಳಾಸವನ್ನು ಅವಳು ವಿಯೆನ್ನಾಕ್ಕೆ ಬರೆದಿದ್ದಳು. ಅದು ಅಲ್ಲಿ ಹೋಗಿ ಕೂತಿತು, ಇಲ್ಲಿಂದ ಚಿಕ್ಕಪ್ಪ ಬರೆದದ್ದೂ ಆಮೇಲೆ ಹೊರಟ ಸಾವಿನ ಸುದ್ದಿಯೂ ಖಾಲಿ ಕೋಣೆಗೆ ಹೋದವು.

ಇದರಲ್ಲಿ ಯಾರನ್ನು ದೂರಲಿ? ಯಾರನ್ನಾದರೂ ದೂರೋಣ ಎಂದು ಬಹಳ ಹೊತ್ತು ಹುಡುಕಿದೆ. ಚಿಕ್ಕಮ್ಮ ಗ್ರಂಥಾಲಯಕ್ಕೆ ಬಂದ ದಿನ ಆ ಸಾಹೇಬರು ಇನ್ನೂ ಬದುಕಿದ್ದರು, ನಿವೃತ್ತರಾಗಿ ದೆಹಲಿಯಲ್ಲಿ. ವಿಳಾಸ ಹುಡುಕುವುದು ನನಗೆ ಒಂದು ದಿನದ ಕೆಲಸ. ಹದಿನೈದು ಪೈಸೆಯದೋ ಇಪ್ಪತ್ತರದೋ ಒಂದು ಅಂಚೆ ಕಾರ್ಡು ಬರೆದಿದ್ದರೆ ಮುಗಿಯುತ್ತಿತ್ತು. ಪಟ್ಟಿ ಕೈಯಲ್ಲೇ ಇರುವಾಗ ಮನುಷ್ಯರನ್ನು ಕೇಳುವುದೇಕೆ ಎಂದುಕೊಂಡೆ. ಚಿಕ್ಕಮ್ಮ ಕೇಳಲು ಬಂದದ್ದೂ ಸರಿಯಾದ ಪ್ರಶ್ನೆಯೇ, "ಅವರು ಊರು ಬದಲಾಯಿಸಿದ್ರಾ?" ಎಂದು. ಓದಿಲ್ಲದವಳು ಸರಿಯಾಗಿ ಕೇಳಿದಳು, ಓದಿದವಳು ತಪ್ಪು ಹೇಳಿದೆ.

ಮೂರನೆಯ ದಿನ, ಊರ ಹೊರಗೆ

ಸಮಾಧಿಭೂಮಿಗೆ ಟ್ರಾಮಿನಲ್ಲಿ ಹೋದೆವು. ಬಾಗಿಲಲ್ಲೇ ಹೂವಿನ ಅಂಗಡಿಗಳ ಸಾಲು, ಮೈಲಾಪುರದ ಕಪಾಲಿ ಗುಡಿಯ ಮುಂದೆ ಇದ್ದಂತೆ. ಒಳಗೆ ಮುದುಕಿಯರು ನೀರಿನ ಕ್ಯಾನು ಹಿಡಿದು ಗಿಡಗಳಿಗೆ ನೀರು ಹಾಕುತ್ತಾ, ಬೆಂಚಿನ ಮೇಲೆ ಕೂತು ಮಾತಾಡುತ್ತಾ, ತಮ್ಮ ಮನೆಯ ಹಿತ್ತಿಲಲ್ಲಿ ಇದ್ದ ಹಾಗೆ ಇದ್ದರು. ನಮ್ಮಲ್ಲಿ ಮಸಣಕ್ಕೆ ಹೆಂಗಸರು ಕಾಲಿಡುವುದೇ ಇಲ್ಲ, ಇಲ್ಲಿ ಹೆಂಗಸರದೇ ರಾಜ್ಯ.

ಆಗ ಆ ಊರಿನಲ್ಲಿ ಸುಡುವ ವ್ಯವಸ್ಥೆ ಇರಲಿಲ್ಲವಂತೆ, ಅದಕ್ಕೇ ಹೂಳಿದ್ದು. ಕಚೇರಿಯ ಗುಮಾಸ್ತ ದಪ್ಪ ಪುಸ್ತಕ ತೆಗೆದು ನಂಬರಿನ ಮೇಲೆ ಬೆರಳಿಟ್ಟು ಇಲೋನಾಗೆ ಏನೋ ಹೇಳಿದ. ಅವಳು ಪುಸ್ತಕವನ್ನು ತನ್ನ ಕಡೆ ತಿರುಗಿಸಿ ಇನ್ನೊಮ್ಮೆ ಓದಿ, ಆಮೇಲೆ ನನಗೆ ಹೇಳಿದಳು. ಅಲ್ಲಿ ಜಾಗ ಇಪ್ಪತ್ತೈದು ವರ್ಷಕ್ಕಂತೆ. ಆಮೇಲೆ ಮನೆಯವರು ಯಾರಾದರೂ ಬಂದು ಮತ್ತೆ ಬರೆಸಿಕೊಳ್ಳಬೇಕು. ಬರದಿದ್ದರೆ ಕಲ್ಲಿನ ಮೇಲೆ ಚೀಟಿ ಅಂಟಿಸುತ್ತಾರೆ, ದಯವಿಟ್ಟು ಕಚೇರಿಗೆ ಬನ್ನಿ ಎಂದು. ಚಿಕ್ಕಪ್ಪನ ಕಲ್ಲಿನ ಮೇಲೆ ಚೀಟಿ ಅಂಟಿಸಿ ವರ್ಷಗಟ್ಟಲೆ ಬಿಟ್ಟಿದ್ದರು. ಹನ್ನೆರಡು ವರ್ಷದ ಕೆಳಗೆ ತೆರವು ಮಾಡಿದರು. ಅಸ್ಥಿ ಒಂದು ಸಾಮೂಹಿಕ ಜಾಗಕ್ಕೆ ಹೋಯಿತು, ಅಲ್ಲಿ ಗುರುತಿಲ್ಲ.

ಹನ್ನೆರಡು. ಚಿಕ್ಕಮ್ಮ ಹೋಗಿ ಹದಿನೈದು. ಎಂದರೆ ಅವಳು ಕಣ್ಣು ಮುಚ್ಚಿದ ದಿನವೂ ಅವಳ ಗಂಡನ ಹೆಸರಿದ್ದ ಕಲ್ಲು ಅಲ್ಲಿ ನಿಂತಿತ್ತು, ಬನ್ನಿ ಎಂಬ ಚೀಟಿಯೊಂದಿಗೆ.

ಆ ಜಾಗದಲ್ಲಿ ಈಗ ಬೇರೆಯವರಿದ್ದಾರೆ. ಕಪ್ಪು ಕಲ್ಲು, ಕೆಂಪು ಹೂವಿನ ಗಿಡ. ಒಬ್ಬ ಹೆಂಗಸು ಗಂಡನ ಸಮಾಧಿಗೆ ನೀರು ಹಾಕುತ್ತಿದ್ದಳು. ಇಲೋನಾ ಅವಳಿಗೆ ಸಂಗತಿ ಹೇಳಿದಳು. ಅವಳ ಮುಖ ಕೆಂಪಾಯಿತು, ತಾನೇ ಕದ್ದ ಹಾಗೆ. ಏನೇನೋ ಹೇಳಿ, ತನ್ನ ಕ್ಯಾನನ್ನು ನನ್ನ ಕೈಗೆ ಕೊಟ್ಟಳು. "ನೀವೂ ಹಾಕಿ ಅನ್ನುತ್ತಿದ್ದಾರೆ. ಇಬ್ಬರಿಗೂ ಆಗುತ್ತದೆಯಂತೆ" ಎಂದಳು ಇಲೋನಾ.

ಕ್ಯಾನು ಹಿಡಿದು ನಿಂತೆ. ನೀರು ಬಿಡುವ ಹಕ್ಕು ಇರುವವಳು ತಾಂಬರಂನಲ್ಲಿದ್ದಾಳೆ, ಅದನ್ನು ತಪ್ಪಿಸಿದವಳು ಇಲ್ಲಿ ಬಂದು ನಿಂತಿದ್ದೇನೆ. ಕೈ ಬರಲಿಲ್ಲ. ಕ್ಯಾನು ವಾಪಸು ಕೊಟ್ಟು ಅಲ್ಲೇ ಕಲ್ಲಿನ ಅಂಚಿನಲ್ಲಿ ಕೂತು ಅತ್ತೆ. ಅರವತ್ತಾರು ವರ್ಷಕ್ಕೆ ಪರದೇಶದಲ್ಲಿ ಬಾಯಿಬಿಟ್ಟು ಅತ್ತೆ. ಆ ಹೆಂಗಸು ನನ್ನ ಪಕ್ಕ ಕೂತು ಬೆನ್ನು ಸವರಿದಳು. ಅವಳಿಗೆ ನಾನು ಆ ಸತ್ತವನ ಮಗಳು.

ಮತ್ತೆ ತಾಂಬರಂ

ವಿಮಾನವಿಡೀ ಯೋಚಿಸಿದ್ದು ಒಂದೇ, ಹೇಳುವುದೋ ಬೇಡವೋ. ವನಜ ಅಪ್ಪನನ್ನು ಬೈಯುವುದಕ್ಕೆ ಒಗ್ಗಿಕೊಂಡಿದ್ದಾಳೆ. ಬಿಟ್ಟರೆ ಇನ್ನೂ ಇಪ್ಪತ್ತು ವರ್ಷ ಬೈದುಕೊಂಡು ಇರುತ್ತಾಳೆ, ನನ್ನ ಮುಖ ಉಳಿಯುತ್ತದೆ. ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಪೆಟ್ಟಿಗೆ ಸಮೇತ ಆಟೋ ಹತ್ತಿ ನೇರ ತಾಂಬರಂಗೆ ಹೋದೆ. ಮನೆಗೆ ಹೋದರೆ ಧೈರ್ಯ ಇಳಿದುಹೋಗುತ್ತದೆಂದು ಗೊತ್ತಿತ್ತು.

ವನಜ ಬಾಗಿಲು ತೆಗೆದು, "ಎಂತಕ್ಕ, ಪೆಟ್ಟಿಗೆ ತಕ್ಕೊಂಡೇ ಬಂದ್ಯಾ? ಅಪ್ಪಯ್ಯ ಸಿಕ್ಕಿದ್ರಾ?" ಎಂದು ನಕ್ಕಳು.

"ಸಿಕ್ಕಿದರು" ಎಂದೆ.

ಕೂರಿಸಿಕೊಂಡು ಎಲ್ಲ ಹೇಳಿದೆ. ಎರಡು ಜನವರಿ, ನಡುವಿನ ಹತ್ತು ತಿಂಗಳು, ಆಸ್ಪತ್ರೆ, ವಾಪಸು ಬಂದ ಕಾಗದ, ಚೀಟಿ ಅಂಟಿಸಿದ ಕಲ್ಲು. ಗೆರೆ ಎಳೆದದ್ದು ನಾನು ಎಂದು ಎರಡು ಸಲ ಹೇಳಿದೆ. ಒಳಕೋಣೆಯಿಂದ ಅವಳ ಮೊಮ್ಮಗಳು ಬಂದು "ಪಾಟಿ, ಪಸಿಕ್ಕುದು" ಎಂದು ಹೊಟ್ಟೆ ಮುಟ್ಟಿ ತೋರಿಸಿದಳು. ವನಜ ಎದ್ದು ಅವಳಿಗೆ ಮೊಸರನ್ನ ಕಲಸಿ ತಟ್ಟೆ ಕೈಗೆ ಕೊಟ್ಟು ಕಳಿಸಿ, ಕೈ ತೊಳೆದು ಬಂದು ಕೂತಳು.

"ಫೋಟೋ ಉಂಟು ಅಂದ್ಯಲ್ಲ, ತೋರ್ಸು."

ಕಾರ್ಡಿನ ಚಿತ್ರ ತೆಗೆದಿಟ್ಟಿದ್ದ ಫೋನು ಕೊಟ್ಟೆ. ಕನ್ನಡಕ ಹಾಕಿಕೊಂಡಳು. ಚಿತ್ರವನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ನಾಲ್ಕು ವರ್ಷದವಳಿದ್ದಾಗ ನೋಡಿದ ಮುಖ, ಆಮೇಲೆ ನೀರೊಲೆಗೆ ಹೋದ ಫೋಟೋದಲ್ಲಿ ಮಾತ್ರ ಕಂಡದ್ದು. ಅವಳಿಗೆ ಸರಿಯಾಗಿ ನೆನಪಿರಲಿಲ್ಲ.

"ಅಯ್ಯೋ, ಎಷ್ಟು ಸಣ್ಣವನು ಅಕ್ಕ. ನಮ್ಮ ರಘುಗಿಂತ ಸಣ್ಣವ" ಎಂದಳು. ರಘು ಅವಳ ಮಗ, ನಲವತ್ತರವನು. "ಈ ಹುಡುಗನಿಗಾ ನಾನು ಇಷ್ಟು ವರ್ಷ ಬೈದದ್ದು?"

ಕ್ಷಮಿಸು ವನಜ ಎಂದೆ. ನಾನು ಆಗ ಚಿಕ್ಕವಳು, ಪಟ್ಟಿಯಲ್ಲಿ ಇದ್ದದ್ದನ್ನೇ ಹೇಳಿದೆ ಎಂದೂ ಸೇರಿಸಿದೆ. ಆ ಎರಡನೆಯ ಮಾತು ಬೇಕಿರಲಿಲ್ಲ.

ಅವಳು ಕನ್ನಡಕ ತೆಗೆದಳು. "ಪಟ್ಟಿಯಲ್ಲಿ ಇದ್ದದ್ದು ಸಾಹೇಬ್ರದ್ದು ಅಕ್ಕ. ನನ್ನ ಅಪ್ಪಯ್ಯಂದು ಅಲ್ಲ. ಬಿಟ್ಟುಹೋದ್ರು ಅಂತ ಅದರಲ್ಲಿ ಎಲ್ಲಿ ಬರೆದಿತ್ತು? ನಂಗೆ ಗೊತ್ತಿಲ್ಲ ಚಿಕ್ಕಮ್ಮ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಅಮ್ಮ ಕಾಯ್ತಿದ್ಲು, ಅಷ್ಟೇ. ಇಪ್ಪತ್ತು ವರ್ಷ ಕಾದವಳಿಗೆ ಕಾಯೂದು ಕಷ್ಟ ಅಲ್ಲ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಕುಂಕುಮ ಇಡುವಾಗ ಹಲ್ಲು ಕಚ್ತಿದ್ಲಲ್ಲ, ಅದು ಕಷ್ಟ. ನಾನು ನೋಡಿದ್ದೇನೆ."

ಅವಳು ಎದ್ದು ಗೋಡೆಯಿಂದ ಕ್ಯಾಲೆಂಡರು ತಂದು ನನ್ನ ಮುಂದಿಟ್ಟಳು. ಸಾವಿನ ತಾರೀಖು, ವರ್ಷ ಕೇಳಿ ಅದರ ಅಂಚಿನಲ್ಲಿ ಬರೆದುಕೊಂಡಳು. ಪುರೋಹಿತರ ಹತ್ತಿರ ತಿಥಿ ನೋಡಿಸುತ್ತೇನೆ, ರಘು ಕೈಯಿಂದ ಈ ವರ್ಷವೇ ಶ್ರಾದ್ಧ ಮಾಡಿಸುತ್ತೇನೆ ಎಂದಳು. ಅಡುಗೆಗೆ ಯಾರನ್ನು ಕರೆಯುವುದು, ಎಷ್ಟು ಬ್ರಾಹ್ಮಣರು ಎಂದು ತನ್ನಷ್ಟಕ್ಕೆ ಮಾತಾಡಿಕೊಂಡಳು. ಸೆಪ್ಟೆಂಬರಿಗೆ ಎರಡು ತಿಂಗಳಿದೆ, ಅಡುಗೆಗೆ ನಾನೇ ಹಿಂದಿನ ದಿನ ಬಂದು ನಿಲ್ಲುತ್ತೇನೆ ಎಂದೆ.

"ಬೇಡ ಅಕ್ಕ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಈ ವರ್ಷ ನೀನು ಬರ್ಬೇಡ. ಅಪ್ಪಯ್ಯ ಮೊದಲನೇ ಸಲ ಮನೆಗೆ ಬರ್ತಾ ಇದ್ದಾರೆ. ನಾವು ಮನೆಯವರು ಮಾತ್ರ ಇರ್ತೇವೆ."

ಆಯಿತು ಎಂದು ಪೆಟ್ಟಿಗೆ ಎತ್ತಿಕೊಂಡೆ.